ಅರವತ್ತೈದು ಮೈಲಿ

ಡೆಲ್ಲಾ ತನ್ನೆದುರಿನ ಚಾಲನೆಯ ಹಿಡಿಯನ್ನು ಮುಂದಕ್ಕೆ ತಳ್ಳಿದಳು. ವಿಮಾನದ ಮೂಗು ಇಳಿಯಿತು, ವಾಲಿದ್ದ ರೆಕ್ಕೆ ನೆಟ್ಟಗಾಯಿತು, ಕೀರಲುತ್ತಿದ್ದ ಎಚ್ಚರಿಕೆಯ ಪೀಪಿ ಬಾಯಿ ಮುಚ್ಚಿತು. ಕಿಟಕಿಯ ತುಂಬ ಬಂದಿದ್ದ ಜೋಳದ ಹೊಲ ತನ್ನ ಜಾಗಕ್ಕೆ ವಾಪಸಾಯಿತು.

"ಬಿಡು, ನಾನು ಹಿಡ್ಕೊಂಡಿದೀನಿ," ಎಂದ ವರ್ಲಿನ್. ಅವನೇನೂ ಹಿಡಿದುಕೊಂಡಿರಲಿಲ್ಲ. ಇಳಿಯಲು ತಿರುಗುವಾಗ ವಿಮಾನವನ್ನು ಅಷ್ಟು ವಾಲಿಸಿದ್ದ ಅವನ ಕೈಗಳು ಈಗ ತೊಡೆಯ ಮೇಲಿದ್ದವು. ಇಳಿಯುವುದನ್ನು ಬಿಟ್ಟು ವಿಮಾನವನ್ನು ಮತ್ತೆ ಮೇಲೇರಿಸುತ್ತಿದ್ದವಳು ಅವನ ಶಿಷ್ಯೆ.

"ವೇಗ ಅರವತ್ತೈದಿತ್ತಲ್ಲ," ಎಂದು ಗೊಣಗಿದ.

"ಮೈಲಿ. ನಾಟ್ ಅಲ್ಲ. ಹೊರಡೋ ಮುಂಚೆನೇ ಹೇಳ್ದೆ."

ಹೇಳಿದ್ದಳು. ಹಾರಾಟದ ಕ್ಲಬ್ಬಿನ ವಿಮಾನ ರಿಪೇರಿಗೆ ಹೋಗಿತ್ತು. ಪಕ್ಕದೂರಿಂದ ಎರವಲು ತಂದ ಈ ಹಳೆಯದರಲ್ಲಿ ವೇಗದ ಮುಳ್ಳು ನಾಟ್ ಬದಲು ಗಂಟೆಗೆ ಎಷ್ಟು ಮೈಲಿ ಎಂದು ತೋರಿಸುತ್ತಿತ್ತು. ಇಳಿಯಲು ಅವನಿಗೆ ರೂಢಿಯಾಗಿದ್ದ ಅರವತ್ತೈದು ನಾಟ್ ಅಂದರೆ ಎಪ್ಪತ್ತೈದು ಮೈಲಿ. "ನಿಮ್ಮಪ್ಪ ತೊಟ್ಟಿಲಲ್ಲಿದ್ದಾಗಲೇ ನಾನು ಹಾರ್ತಿದ್ದೆ," ಎಂದು ಅವಳ ಬಾಯಿ ಮುಚ್ಚಿಸಿದ್ದ. ನೇರ ಹಾರಾಟಕ್ಕೆ ಅರವತ್ತೈದು ಮೈಲಿ ಹೇಗೋ ಸಾಲುತ್ತದೆ. ಅಷ್ಟು ವಾಲಿಸಿ ತಿರುಗಿಸಿದರೆ ರೆಕ್ಕೆ ಕೈಕೊಡುತ್ತದೆ, ಅಷ್ಟು ಕೆಳಗಿದ್ದಾಗ ಸಾವರಿಸಿಕೊಳ್ಳಲು ಎತ್ತರವಿರುವುದಿಲ್ಲ. ತಿರುವಿನಲ್ಲಿ ಮುಳ್ಳು ನೋಡದವನನ್ನು ಮಣ್ಣು ನೋಡಿಕೊಳ್ಳುತ್ತದೆ: ಇದು ಅವನೇ ಹೇಳಿಕೊಡುವ ಮಾತು. ನೆಬ್ರಾಸ್ಕದ ಆ ಮೂಲೆಯಲ್ಲಿ ಹಾರುವವರೆಲ್ಲ ಅದನ್ನು ಅವನ ಬಾಯಿಂದಲೇ ಕೇಳಿದ್ದರು.

ಎರಡನೇ ಸುತ್ತಿನಲ್ಲಿ ಡೆಲ್ಲಾ ಇಳಿಸಿದಳು. ಮೆತ್ತಗೆ ಇಳಿಸಿದಳು.

ವಿಮಾನದ ಶೆಡ್ಡಿನ ಮುಂದೆ ಕ್ಲಬ್ಬಿನ ಶನಿವಾರದ ತಿಂಡಿ ನಡೆದಿತ್ತು. ಕಾವಲಿಯ ಹಿಂದೆ ನಿಂತಿದ್ದ ಆರ್ಲೋ ಸಟ್ಟುಗ ಎತ್ತಿದ. "ಏನ್ ಗುರುವೇ, ಪ್ಯಾನ್‌ಕೇಕ್ ವಾಸನೆ ಹಿಡ್ಕೊಂಡು ಬಂದೋನು ಇಳೀದೆ ಹಂಗೇ ಮೇಲೆ ಹೋಗ್ಬಿಟ್ಯಲ್ಲ?"

ಎಲ್ಲರೂ ಅವನತ್ತ ತಿರುಗಿದರು. ಅರ್ಧ ಜನ ಅವನ ಶಿಷ್ಯರೇ.

"ಈ ಹುಡುಗಿ ತಿರುವಲ್ಲಿ ಬೆದರಿ ಹಿಡಿ ತಳ್ಳಿಬಿಟ್ಲು," ಎಂದಿತು ವರ್ಲಿನನ ಬಾಯಿ. "ಇರ್ಲಿ ಬಿಡಿ, ಕಲೀತಾಳೆ."

"ನಿಂಗೆ ದಿನಾ ಮಾಡೋ ಜೋಳದ ಲಾರಿ ತೂಗೋ ಕೆಲ್ಸನೇ ವಾಸಿ ಕಣಮ್ಮ ಡೆಲ್ಲಾ," ಎಂದ ಆರ್ಲೋ. "ತಕ್ಕಡಿ ಹಾರಲ್ಲ."

ನಗು ಎದ್ದಿತು. ಡೆಲ್ಲಾ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳು ಒಂದು ಮಾತು ಎದುರಾಡಿದ್ದರೆ ವರ್ಲಿನ್ ಸಿಟ್ಟಾದರೂ ಆಗಬಹುದಿತ್ತು. ಅವನು ಬಾಯಲ್ಲಿಟ್ಟ ತುತ್ತು ಹಿಟ್ಟಿನ ಮುದ್ದೆಯಾಗಿ ಅಲ್ಲೇ ಕೂತಿತು. 'ನಂದೇ ತಪ್ಪು' ಎಂದುಬಿಡಲು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಕಾಫಿ ಕುಡಿದ.

ಅವಳು ಶೆಡ್ಡಿನೊಳಕ್ಕೆ ಹೋದಾಗ ಹಿಂದೆಯೇ ಹೋದ. ಗೋಡೆಯ ಮೇಲೆ ಅಂಗಿಗಳ ಬೆನ್ನಿನ ತುಂಡುಗಳು ಸಾಲಾಗಿದ್ದವು. ಮೊದಲ ಸಲ ಒಬ್ಬರೇ ಹಾರಿ ಇಳಿದವರ ಅಂಗಿ ಅವು. ಹಾರುವವರ ರೂಢಿಯಂತೆ ಅವನ್ನು ಕತ್ತರಿಸಿ ಹೆಸರು ಬರೆದವನು ಗುರು ವರ್ಲಿನ್. ಆ ದಿನಕ್ಕಾಗಿ ಡೆಲ್ಲಾ ಚಳಿಗಾಲದಿಂದ ಕಾದಿದ್ದಳು.

"ಚೆನ್ನಾಗಿ ಇಳಿಸ್ದೆ," ಎಂದ, ಅವಳ ಮುಖ ಬಿಟ್ಟು ಗೋಡೆ ನೋಡುತ್ತ. "ಇವತ್ತೇ ಒಬ್ಳೇ ಹೋಗ್ಬಾ. ಈಗ್ಲೇ. ಎಲ್ರ ಮುಂದೆ ನಿನ್ನ ಅಂಗಿ ಕತ್ತರಿಸ್ತೀನಿ. ಆರ್ಲೋನೂ ನೋಡ್ಲಿ."

"ಅವ್ರಿಗೆ ನಿಜ ಹೇಳ್ತೀರಾ?"

ವರ್ಲಿನ್ ಮೊಳೆಯಿಂದ ಕತ್ತರಿ ತೆಗೆದು ಅಂಗೈಯಲ್ಲಿ ತಿರುಗಿಸಿದ. "ಅದೆಲ್ಲ ಈಗ ಯಾಕೆ? ಹೋಗ್ಬಾ."

"ಬೇಡ," ಎಂದಳು ಡೆಲ್ಲಾ. "ನಿಮ್ಮ ಕೈಯಿಂದ ಬೇಡ."