ಹಿಂಗಾಲಿನ ಮುಳ್ಳು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಅತ್ತೆ ಮರೆತು ಮೂರು ಲೋಟ ಇಟ್ಟಿದ್ದರು. ಸೊಸೆ ಒಂದನ್ನು ಸದ್ದಿಲ್ಲದೆ ತೆಗೆದಿಟ್ಟಳು. ಒಗೆಯಲು ಗಂಡನ ಅಂಗಿ ಎತ್ತಿಕೊಂಡಾಗ ಜೇಬಿನಿಂದ ಪುಟ್ಟ ಭೂತಕನ್ನಡಿಯೊಂದು ಜಾರಿ ಬಿತ್ತು. ಹಿಡಿಗೆ ಕೆಂಪು ದಾರ ಕಟ್ಟಿತ್ತು. ಅದು ಮನೆಯದಲ್ಲ.

"ಕೆಂಪು ದಾರ ಬೇರೆ. ಯಾರು ಏನು ಮಾಡಿಸಿ ಕೊಟ್ಟರೋ," ಎಂದರು ಅತ್ತೆ. ಮಗನ ಎದೆಬಡಿತ ಏಕಾಏಕಿ ನಿಂತದ್ದಕ್ಕೆ ಅವರು ಕಾರಣ ಹುಡುಕುತ್ತಲೇ ಇದ್ದರು.

ಅಷ್ಟರಲ್ಲಿ ಭಾವ ಬಂದರು. ಬೆನ್ನ ಮೇಲೆ ಔಷಧಿ ಹೊಡೆಯುವ ಕ್ಯಾನು. ತಮ್ಮನ ಗದ್ದೆಯ ತುಂಬ ಹಸಿರು ಜಿಗಿಹುಳು ಎದ್ದಿದೆ, ಇವತ್ತೇ ಹೊಡೆದುಬಿಡುತ್ತೇನೆ, ನೀವು ಮನೆಯಲ್ಲೇ ಇರಿ ಎಂದರು. ಒಳ್ಳೆಯ ಮಾತೇ. ಆದರೂ ಅವಳಿಗೆ ಒಳಗೊಳಗೇ ಕಸಿವಿಸಿ. ಔಷಧಿ ಕಂಡ ಭಾವನ ಗದ್ದೆಯಲ್ಲಿ ಪೈರು ಅಲ್ಲಲ್ಲಿ ದುಂಡು ದುಂಡಾಗಿ ಒಣಗಿ, ಬೆಂಕಿ ಬಿದ್ದಂತಿತ್ತು. ಔಷಧಿ ಕಾಣದ ತನ್ನದು ಹಸಿರಾಗಿತ್ತು. ಅವರಿಗೇಕೆ ಇಷ್ಟು ಅವಸರ? ಗಂಡ ನೆಟ್ಟು ಹೋದದ್ದು ಅದೊಂದೇ ಗದ್ದೆ; ವರ್ಷದ ಅನ್ನವೆಲ್ಲ ಅಲ್ಲೇ ನಿಂತಿತ್ತು. ಕನ್ನಡಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳೂ ಹೊರಟಳು. ಅತ್ತೆಯೂ ಬಂದರು.

ಗದ್ದೆಯ ಬದುವಿನಲ್ಲಿ ಒಬ್ಬ ಹೆಂಗಸು ಪೈರಿನ ಬುಡಕ್ಕೆ ಬಗ್ಗಿದ್ದಳು. ಬೆಳೆ ಸಲಹಾ ಕೇಂದ್ರದವಳು. ಊರವರ ಬಾಯಲ್ಲಿ 'ಹುಳದ ಡಾಕ್ಟರಮ್ಮ'. ಕೇಳದೆ ಕರೆಯದೆ ನಮ್ಮ ಗದ್ದೆಯಲ್ಲಿ ಇವಳಿಗೇನು ಕೆಲಸ ಎಂದು ಅತ್ತೆ ಗೊಣಗಿದರು.

ನಿಮ್ಮ ಕಿರಿಮಗ ವಾರವಾರವೂ ಗದ್ದೆ ನೋಡಿ ಬಂದು ಹೇಳುತ್ತಿದ್ದ, ಈ ವಾರ ನೋಡುವವರಿಲ್ಲವಲ್ಲ ಎಂದು ಬಂದೆ ಎಂದಳು ಡಾಕ್ಟರಮ್ಮ. ಸೊಸೆ ಮುಷ್ಟಿ ಬಿಚ್ಚಿ ತೋರಿಸಿದ ಕನ್ನಡಿಯೂ ತನ್ನದೇ, ಕಳೆಯಬಾರದೆಂದು ದಾರ ಕಟ್ಟಿದ್ದಳಂತೆ.

ಅತ್ತೆ ನಂಬಲಿಲ್ಲ. "ಕನ್ನಡಿ ಕೊಟ್ಟು ನನ್ನ ಮಗನಿಗೆ ಏನು ನೋಡೋಕೆ ಕಲಿಸಿದೆಯಮ್ಮ?"

"ಹುಳದ ಮೀಸೆ, ಹಿಂಗಾಲು."

"ಸಾಯೋ ಹುಳಕ್ಕೆ ಮೀಸೆ ಇದ್ದರೇನು, ಬಿಟ್ಟರೇನು?" ಎಂದರು ಭಾವ.

ಡಾಕ್ಟರಮ್ಮ ಪೈರನ್ನು ಬಿಳಿ ತಟ್ಟೆಯ ಮೇಲೆ ತಟ್ಟಿದಳು. ಹಸಿರು ಹುಳುಗಳು ಉದುರಿದವು. ಹಸಿರು ಜಿಗಿಹುಳುವಾದರೆ ಮೀಸೆ ಗಿಡ್ಡ, ಕೂದಲೆಳೆಯಂತೆ. ಹಿಂಗಾಲಿನ ಉದ್ದಕ್ಕೂ ಬಾಚಣಿಗೆಯ ಹಲ್ಲಿನಂತೆ ಮುಳ್ಳಿನ ಸಾಲು. ಇದೆಯಾ ನೋಡಿ ಎಂದಳು.

ಸೊಸೆ ಕನ್ನಡಿ ಹಿಡಿದಳು. ಕಪ್ಪು ತಲೆ. ಉದ್ದ ಮೀಸೆ. ಕಾಲಿನಲ್ಲಿ ಬಾಚಣಿಗೆ ಇರಲಿಲ್ಲ.

"ಇದು ಮಿರಿಡ್ ತಿಗಣೆ. ಪೈರಿಗೆ ಕೇಡು ಮಾಡಲ್ಲ. ಕಂದು ಜಿಗಿಹುಳದ ಮೊಟ್ಟೆ ಹೀರಿ ಬದುಕುತ್ತೆ. ನಿಮ್ಮ ಗದ್ದೆ ಕಾವಲಿಗಿರೋದೇ ಇದು."

ಆಮೇಲೆ ಬುಡ ಸರಿಸಿ, ನೀರಿನಿಂದ ತುಸು ಮೇಲೆ ಅಂಟಿ ಕೂತ ಕಂದು ಹುಳುವನ್ನು ತೋರಿಸಿದಳು. ಅದರ ಹಿಂಗಾಲಿನ ತುದಿಯಲ್ಲಿ ಒಂದೇ ಒಂದು ದಪ್ಪ ಮುಳ್ಳು, ಅಲುಗಾಡುವಂಥದ್ದು. ನಿಜವಾದ ಕಳ್ಳ ಅದೇ. ಇಲ್ಲಿ ಅಲ್ಲೊಂದು ಇಲ್ಲೊಂದು. ಪಕ್ಕದಲ್ಲೇ ಇದ್ದ ಭಾವನ ಗದ್ದೆಯಲ್ಲಿ ಬುಡ ಸರಿಸಿದರೆ ಹೊಟ್ಟು ಚೆಲ್ಲಿದಷ್ಟು. ಮೇಲಿಂದ ಹೊಡೆದ ಔಷಧಿ ಬುಡ ಮುಟ್ಟಿರಲಿಲ್ಲ. ಕಾವಲುಗಾರನನ್ನು ಕೊಂದು ಕಳ್ಳನಿಗೆ ಬಾಗಿಲು ತೆರೆದಂತಾಗಿತ್ತು.

ಭಾವ ತಮ್ಮ ಗದ್ದೆಯತ್ತ ನೋಡಿದರು. ಅತ್ತೆ ಕನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದರು.

"ಬುಡದಲ್ಲಿ ಕೂತು ಹೀರೋದು ಒಂದು, ಕಣ್ಣಿಗೆ ಬಿದ್ದು ಏಟು ತಿನ್ನೋದು ಇನ್ನೊಂದು," ಎಂದರು. ಹಿರಿಮಗನತ್ತ ತಿರುಗಿ, "ಕ್ಯಾನು ಇಳಿಸೋ," ಎಂದರು.

ಅವಳ ಗದ್ದೆಗೆ ಔಷಧಿ ಬೀಳಲಿಲ್ಲ. ನಿಂತ ನೀರು ಬಸಿದರು. ಭಾವನ ಗದ್ದೆಗೆ ಡಾಕ್ಟರಮ್ಮ ಹೇಳಿದ ಔಷಧಿಯನ್ನು, ಹೇಳಿದ ಅಳತೆಯಲ್ಲಿ, ಬುಡಕ್ಕೇ ಹೊಡೆದರು, ಉಳಿದಷ್ಟು ಉಳಿಯಿತು. ವಾರವಾರವೂ ಅತ್ತೆ ಸೊಸೆ ಬಗ್ಗಿ ಬುಡ ನೋಡಿದರು.

ಭತ್ತ ಮನೆ ಸೇರಿದ ಮೇಲೆ ಸೊಸೆ ಕನ್ನಡಿ ಹಿಂದಿರುಗಿಸಲು ಕೇಂದ್ರಕ್ಕೆ ಹೋದಳು. ನೆನಪಿಗೆ ನೀನೇ ಇಟ್ಟುಕೋ ಎಂದಳು ಡಾಕ್ಟರಮ್ಮ.

"ಅವರು ಎರವಲು ತಂದದ್ದು. ಇನ್ನೊಬ್ಬರಿಗೆ ಬೇಕಾಗುತ್ತೆ," ಎಂದು ಅವಳು ದಾರದ ಸಮೇತ ಕನ್ನಡಿಯನ್ನು ಮೇಜಿನ ಮೇಲಿಟ್ಟಳು.

ಆ ಇನ್ನೊಬ್ಬರು ಇದನ್ನು ಓದುತ್ತಿರುವ ನೀವೇ. ಬಣ್ಣ ನೋಡಿ ಹುಳಕ್ಕೆ ತೀರ್ಪು ಕೊಡಬೇಡಿ. ಕ್ಯಾನು ಎತ್ತುವ ಮೊದಲು ಬುಡ ಸರಿಸಿ, ಮೀಸೆ ನೋಡಿ, ಹಿಂಗಾಲು ನೋಡಿ. ಗೊತ್ತಾಗದಿದ್ದರೆ ಹತ್ತಿರದ ಕೇಂದ್ರದಲ್ಲಿ ಕೇಳಿ. ಕನ್ನಡಿ ಮೇಜಿನ ಮೇಲೇ ಇದೆ. ನೋಡಿದ ಮೇಲೆ ಹಿಂದಿರುಗಿಸಿ.