ಮೂಗಿದ್ದ ಜಾಗ

ಕಬ್ಬಿನ ಸೋಗೆ ಕಿಟಕಿಯೊಳಗೆ ನುಗ್ಗಿ ಅನುಸೂಯಾಳ ಕೆನ್ನೆ ಗೀರಿಕೊಂಡು ಹಿಂದಕ್ಕೆ ಹೋಯಿತು, ಟ್ರ್ಯಾಕ್ಟರಿನವನು ದಾರಿ ಕೊಡುವುದಿಲ್ಲ, ಬಸ್ಸಿನವನು ಹಾರ್ನ್ ನಿಲ್ಲಿಸುವುದಿಲ್ಲ, ಕೆನ್ನೆ ಚುರುಗುಡುತ್ತಿದೆ, ಮುಟ್ಟಿ ನೋಡಿಕೊಂಡಳು, ಎಡಗೈಯಿಂದ, ಬಲಗೈ ಹೆಬ್ಬೆರಳಿಗೆ ಎರಡು ವರ್ಷದಿಂದ ಏನು ಮುಟ್ಟಿದರೂ ತಿಳಿಯುವುದಿಲ್ಲ, ಕಲ್ಲೂ ಒಂದೇ ಅನ್ನವೂ ಒಂದೇ — ರಕ್ತವಿಲ್ಲ, ಬರೀ ಉರಿ, ಇರಲಿ, ಕೆನ್ನೆ ಕೆಂಪಗಿದ್ದರೆ ಒಳ್ಳೆಯದೇ, ನೋಡಿದರೆ ಸುಧಾ, ಅಕ್ಕ ದಾರಿಯುದ್ದಕ್ಕೂ ಅತ್ತಿದ್ದಾಳೆ ಅಂದುಕೊಂಡಾಳು. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಂಡಕ್ಟರ್ ಬಂದ, ಆಧಾರ್ ತಗೀರಿ ಅಂದ, ಕಾರ್ಡು ನೋಡಿದ, ಮುಖ ನೋಡಿದ, ಮತ್ತೆ ಕಾರ್ಡು ನೋಡಿದ, ಇದು ನೀವ ಏನ್ರಿ ಅಮ್ಮಾರ, ಫೋಟೋದಾಗ ಮುಖ ಬ್ಯಾರೇನ ಐತಲ್ರಿ, ಹಿಂದಿನ ಸೀಟಿನ ಹೆಂಗಸು ಕಿಸಕ್ಕನೆ ನಕ್ಕು, ಅದ್ರಾಗ ಯಾರ ಮುಖ ನೆಟ್ಟಗ ಬಂದೈತಿ ತಗೋಪ್ಪಾ, ನಂದು ನೋಡಿದ್ರ ನನ್ನ ಗಂಡನ ಅಂಜತಾನ ಅಂದಳು, ಬಸ್ಸಿಗೆ ಬಸ್ಸೇ ನಕ್ಕಿತು. ನಗಲಿ. ಕಂಪ್ಲಿ ಇನ್ನು ಅರ್ಧ ಗಂಟೆ, ಅಷ್ಟರೊಳಗೆ ಮಾತು ಸಿದ್ಧವಾಗಬೇಕು. ಸುಧಾರಾಣಿ, ಒಡಹುಟ್ಟಿದ ತಂಗಿ, ಹನ್ನೆರಡು ವರ್ಷ ಚಿಕ್ಕವಳು, ಗಂಡ ಬಿಟ್ಟ ಮೇಲೆ ಇಪ್ಪತ್ತು ವರ್ಷ ಹಂಪಿ ಪಕ್ಕದ ಕಡ್ಡಿರಾಂಪುರದ ಒಂದೇ ತಗಡಿನ ಶೆಡ್ಡಿನಲ್ಲಿ ಅಕ್ಕನ ಪಕ್ಕ ಕಲ್ಲು ಕೆತ್ತಿದವಳು, ಎಂಟು ದಿನದ ಹಿಂದೆ ಒಂದು ಚೀಲ ಹಿಡಿದು ಹೋಗಿಬಿಟ್ಟಳು, ಕಂಪ್ಲಿಯ ತೋಟಪ್ಪನ ರೈಸ್ ಮಿಲ್ಲಿನಲ್ಲಿ ಭತ್ತ ಒಣಗಿಸುವ ಕೆಲಸಕ್ಕೆ. ಅವಳನ್ನು ಇವತ್ತು ಕರೆತರಲೇಬೇಕು. ಬಾರದಿದ್ದರೆ ಹನ್ನೊಂದು ಮೂರ್ತಿ ಮಾಡುವವರು ಯಾರು, ಬಾರದಿದ್ದರೆ ಅನುಸೂಯಾಳ ಕೈಯಲ್ಲಿ ಏನೂ ಉಳಿದಿಲ್ಲವೆಂದು ಹೊಸಪೇಟೆಯಿಂದ ಸಂಡೂರಿನವರೆಗೆ ಗೊತ್ತಾಗುತ್ತದೆ. ಕೈ ಜಾರ್ತು ಅನ್ನಬೇಕು, ಕೈ ಜಾರ್ತು ಸುಧಾ, ಈ ಸುಡುಗಾಡು ಹೆಬ್ಬೆರಳು — ಊರೆಲ್ಲ ನಂಬಿದೆ, ಪಕ್ಕದ ಮನೆ ದುರ್ಗಕ್ಕ ಬಂದು ಹೆಬ್ಬೆರಳಿಗೆ ಎಣ್ಣೆ ತಿಕ್ಕಿ ಹೋದಳು, ನಂಬದವಳು ಸುಧಾ ಒಬ್ಬಳೇ, ಅವಳು ಬಂದು ಒಡೆದ ಮೂರ್ತಿಯ ಮುಂದೆ ಕೂತು ಸೆರಗಿನ ತುದಿ ಹಿಡಿದು — ಬೇಡ, ಅದು ಬೇಡ ಈಗ.

ರಾಮಸಾಗರ ಬಂತು, ಇಳಿಯುವವರು ಇಳಿದರು, ಕಾಲುವೆಯ ನೀರಿನ ತಂಪು ಒಂದು ಗಳಿಗೆ ಬಸ್ಸಿನೊಳಗೆ ಬಂದು ಹೋಯಿತು. ಎಲ್ಲ ಶುರುವಾದದ್ದು ಆ ಮನೋಹರನಿಂದ, ಅಲ್ಲ, ಅವನಿಗೇನು, ಅವನು ಸಂಡೂರಿನ ಗುಡ್ಡದ ಮೇಲೆ ಗಣಿ ಸಾಹುಕಾರರಿಗೆ ಗೆಸ್ಟ್ ಹೌಸ್ ಕಟ್ಟಿಸಿಕೊಡುವವನು, ಕೆಂಪು ಧೂಳು ಮೆತ್ತಿದ ಕಾರಿನಲ್ಲಿ ಬಂದು ಫೋನಿನೊಳಗೆ ಫೋಟೋ ತೋರಿಸಿದ, ಹಂಪಿಯ ಕಂಬಗಳ ಮೇಲಿನ ಹೆಂಗಸರು, ಒಬ್ಬೊಬ್ಬರಿಗೂ ಮುಖ ಇರಬೇಕಾದಲ್ಲಿ ಕಲ್ಲಿನ ಗಾಯ, ಯುದ್ಧದಾಗ ಹೋದವ್ರಿ ಇವು ಮೇಡಂ, ಕೆಲವು ಒಡದಾರ, ಕೆಲವು ಕಿತ್ಕೊಂಡು ಹೋಗ್ಯಾರ, ಒಂದಂತೂ ಯಾವುದೋ ದೇಶದಾಗ ಗಾಜಿನ ಪೆಟ್ಟಿಗ್ಯಾಗ ಐತಂತ, ನೀವು ಇಂಥವು ಹನ್ನೆರಡು ಮಾಡ್ರಿ, ಮುಖ ವಾಪಸ್ ಕೊಡ್ರಿ, ಮೊದಲು ಒಂದು ಮಾಡಿ ತೋರಿಸ್ರಿ. ಮುಖ ವಾಪಸ್ ಕೊಡುವುದು! ಎಷ್ಟು ಹಗುರಾಗಿ ಅಂದ. ಅಪ್ಪ ಉಚ್ಚೆಂಗೆಪ್ಪ ಇದ್ದಿದ್ದರೆ ಹೊರಗೆ ಹಾಕುತ್ತಿದ್ದ, ಅಥವಾ ಎಲೆಅಡಿಕೆ ಕೊಟ್ಟು ಕೂಡಿಸುತ್ತಿದ್ದ, ಹೇಳುವುದು ಕಷ್ಟ. ಅಪ್ಪ ಮುಖದ ಕೆಲಸ ಕಲಿಸಿದ್ದು ದೊಡ್ಡ ಮಗಳಿಗೆ ಮಾತ್ರ, ಸುಧಾಳಿಗೆ ಪಾದ, ಗೆಜ್ಜೆ, ಪೀಠದ ಕಮಲ, ಅಷ್ಟೇ, ಇಪ್ಪತ್ತು ವರ್ಷ ಅವಳು ಬಗ್ಗಿ ಕೂತು ಪಾದ ಮಾಡಿದಳು, ಇವಳು ನಿಂತು ಮುಖ ಮಾಡಿದಳು, ಅಕ್ಕ ತಂಗಿ ಅಂದರೆ ಹಾಗೇ ಇರಬೇಕು ಎನ್ನುವ ಹಾಗೆ. ಇಬ್ಬರೂ ಕಂಬ ನೋಡಲು ಹೋದರು, ಬಿಸಿಲಲ್ಲಿ, ಆ ಮುಖವಿಲ್ಲದವಳ ಮುಂದೆ ನಿಂತರು, ನಲವತ್ತು ವರ್ಷದಿಂದ ಅನುಸೂಯಾ ಹಾದುಹೋದ ಕಂಬ ಅದು, ಸುಧಾ ಐದು ನಿಮಿಷ ನೋಡಿ ಅಂದಳು, ಅಕ್ಕ, ಈಕಿ ಯಾರನ್ನೋ ಬಯ್ಯಾಕ ಬಾಯಿ ತೆಗದಾಳ. ಬಾಯಿನ ಇಲ್ಲಲ್ಲಲೇ. ಕೊರಳು ನೋಡು ಅಕ್ಕ, ನರ ಹೆಂಗ ಉಬ್ಬ್ಯಾವ, ನಗೋರ ಕೊರಳು ಹಂಗ ಇರತೈತೇನು. ನೋಡಿದಳು. ನಿಜ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು, ನಲವತ್ತು ವರ್ಷ ತನಗೆ ಕಾಣದ್ದು, ಪಾದ ಮಾಡುವವಳಿಗೆ ಕಂಡಿತು, ಅವಳು ಕೆಳಗಿನಿಂದ ಮೇಲೆ ನೋಡಿ ರೂಢಿಯಾದವಳು, ಅದಕ್ಕೇ ಇರಬೇಕು — ಸಮಾಧಾನಕ್ಕೆ ಹಾಗೆ ಅಂದುಕೊಂಡಳು, ಸಮಾಧಾನವಾಗಲಿಲ್ಲ. ಆಮೇಲೆ ಮೂರು ಕಲ್ಲು ಕೆಡಿಸಿದಳು. ಒಂದೊಂದೂ ಕ್ಯಾಲೆಂಡರಿನ ಲಕ್ಷ್ಮಿಯ ಹಾಗೆ ಗುಂಡಗೆ, ತುಟಿ ಬಿಗಿದು, ಯಾರನ್ನೂ ಬಯ್ಯದ ಮುಖ. ನಾಲ್ಕನೆಯದಕ್ಕೆ ಸುಧಾ, ನಾ ನೋಡ್ಲೇನು ಅಕ್ಕ ಅಂದಳು, ನೋಡು ಅಂದಳು ಇವಳು, ನೋಡು, ನಿನಗ ತಿಳಿಲಿ ಎಷ್ಟು ಕಷ್ಟ ಅಂತ. ಹತ್ತೊಂಬತ್ತು ದಿನ. ಹತ್ತೊಂಬತ್ತನೆಯ ದಿನ ಬಳಪದ ಕಲ್ಲಿನೊಳಗಿಂದ ಒಬ್ಬ ಹೆಂಗಸು ಬಾಯಿ ತೆರೆದು ಉಸಿರು ಎಳೆದುಕೊಂಡಿದ್ದಳು, ಇನ್ನೇನು ಮಾತು ಬರಬೇಕು, ಮೂಗಿನ ಹೊಳ್ಳೆ ಅರಳಿದೆ, ಕಣ್ಣು ತೆರೆಯುವುದೊಂದು ಬಾಕಿ. ಅವತ್ತೇ ಮನೋಹರ್ ಬರಬೇಕೇ, ಬಂದ, ಯಾರ್ ಮಾಡಿದ್ರಿ ಈ ಮುಖಾನ ಅಂದ, ನಾನ ಅಂದಳು ಅನುಸೂಯಾ. ಯೋಚಿಸಿ ಅಂದದ್ದಲ್ಲ, ಬಾಯಿ ಅಂದುಬಿಟ್ಟಿತು. ಸುಧಾ ಚಹಾ ತರುತ್ತಿದ್ದಳು, ತಟ್ಟೆ ಅಲುಗಲಿಲ್ಲ, ಅಕ್ಕನ ಕೈ ಅಂದ್ರ ಕೈರಿ, ಅಪ್ಪನ ಮ್ಯಾಲೆ ಅಕೀನ ಅಂದಳು ಮನೋಹರನಿಗೆ, ನಗುತ್ತಾ, ಭಿಕ್ಷೆ ಹಾಕಿದ ಹಾಗೆ. ಅವಳು ಕೂಗಾಡಿದ್ದರೆ, ಸುಳ್ಳು ಹೇಳ್ತಾಳ ಅಂದಿದ್ದರೆ, ಆ ಮುಖ ಇವತ್ತಿಗೂ ಇರುತ್ತಿತ್ತು. ಕೊಟ್ಟುಬಿಟ್ಟಳಲ್ಲ, ತಟ್ಟೆ ಅಲುಗದ ಹಾಗೆ ಕೊಟ್ಟುಬಿಟ್ಟಳಲ್ಲ, ಅದನ್ನು ಹೇಗೆ ಸಹಿಸುವುದು.

ಕಂಪ್ಲಿ ಕಂಪ್ಲಿ ಎಂದು ಕಂಡಕ್ಟರ್ ಕೂಗುತ್ತಿದ್ದಾನೆ, ಇನ್ನೂ ಬಂದಿಲ್ಲ, ಎರಡು ಮೈಲಿ ಮುಂಚೆಯೇ ಕೂಗುತ್ತಾನೆ, ಮಿಲ್ಲುಗಳ ತೌಡಿನ ವಾಸನೆ ಆಗಲೇ ಗಾಳಿಯಲ್ಲಿದೆ. ಕಣ್ಣು ತೆರೆಯುವುದಕ್ಕೆ ಅಪ್ಪನ ಪದ್ಧತಿ ಒಂದಿತ್ತು, ಮೂರ್ತಿಯ ಕಣ್ಣನ್ನು ಕೊನೆಗೆ ತೆರೆಯಬೇಕು, ಮಾಡಿದವರು ತೆರೆಯಬಾರದು, ಮನೆಯ ಹಿರಿಯರು ತೆರೆಯಬೇಕು, ಮಾಡಿದವರು ಬೆನ್ನು ತಿರುಗಿಸಿ ಕೂಡಬೇಕು, ಮಾಡಿದವರ ಆಸೆ ಮೂರ್ತಿಯ ಕಣ್ಣಿಗೆ ಮೊದಲು ಬೀಳಬಾರದಂತೆ. ಬೇರೆ ಶಿಲ್ಪಿಗಳು ಇದನ್ನು ಕೇಳಿ ನಗುತ್ತಿದ್ದರು, ಗೆಸ್ಟ್ ಹೌಸಿನ ಗೊಂಬಿಗೆಲ್ಲ ಇದು ಯಾಕವ್ವಾ ಅನ್ನುತ್ತಿದ್ದರು, ಇವರು ಬಿಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಸುಧಾ ತಲೆಗೆ ನೀರು ಹಾಕಿಕೊಂಡು ಬಂದು ಗೋಡೆಗೆ ಮುಖ ಮಾಡಿ ಕೂತಳು, ಒದ್ದೆ ಜಡೆಯಿಂದ ರವಿಕೆಯ ಬೆನ್ನು ತೊಯ್ದಿತ್ತು, ಅಕ್ಕ, ಎಡಗಣ್ಣು ಸ್ವಲ್ಪ ಮ್ಯಾಲೆ ಐತಿ, ನೋಡ್ಕೊಂಡು ಅಂದಳು, ನಂಗ ಕಲಸಬ್ಯಾಡಲೇ ಅಂದಳು ಇವಳು. ಸಣ್ಣ ಉಳಿ. ಎಡಗಣ್ಣು. ಹೆಬ್ಬೆರಳು ಅವತ್ತು ಎಷ್ಟು ಚೆನ್ನಾಗಿ ಮಾತು ಕೇಳಿತು, ರೆಪ್ಪೆಯ ಗೆರೆ ಕೂದಲಷ್ಟೂ ಆಚೀಚೆ ಆಗಲಿಲ್ಲ, ಬಲಗಣ್ಣೂ ತೆರೆಯಿತು, ತೆರೆದ ಕಣ್ಣು ಇವಳನ್ನು ನೋಡಿತು, ಬಾಯಿ ಯಾರನ್ನು ಬಯ್ಯಲು ತೆರೆದಿತ್ತು ಎನ್ನುವುದು ಆಗ ಗೊತ್ತಾಯಿತು. ಅಷ್ಟಕ್ಕೆ ಮುಗಿದಿತ್ತು. ಆತು ತಿರುಗು ಅನ್ನಬಹುದಿತ್ತು. ಸಣ್ಣ ಉಳಿ ಕೆಳಗಿಟ್ಟು, ಹಲಗೆಯ ಮೇಲಿದ್ದ ದೊಡ್ಡ ಸುತ್ತಿಗೆ ಎತ್ತಿಕೊಂಡಳು — ಕೈ ಜಾರುವವರು ಸುತ್ತಿಗೆ ಬದಲಿಸುವುದಿಲ್ಲ. ಮುಖದ ನಡುವೆ ಒಂದೇ ಏಟು. ಬಳಪದ ಕಲ್ಲು ಮೆತ್ತಗಿನದು, ಸದ್ದೂ ದೊಡ್ಡದಲ್ಲ, ತೆಂಗಿನಕಾಯಿಯಷ್ಟೂ ಇಲ್ಲ. ಆ ಹಂಪಿ ಹಾಳಾದಾಗ ಒಡೆದವರು ಹೊರಗಿನವರು, ಹೊರಗಿನವರು ಎಂದು ಗೈಡುಗಳು ದಿನಾ ಹೇಳುತ್ತಾರೆ, ಇರಬಹುದು, ಆದರೆ ಒಂದೆರಡಾದರೂ, ಆ ಗದ್ದಲದ ಮರೆಯಲ್ಲಿ, ಪಕ್ಕದಲ್ಲೇ ಕೂತು ಕೆತ್ತಿದವರ ಕೈಯಿಂದ ಹೋಗಿರುತ್ತವೆ, ಯಾರಿಗೆ ಗೊತ್ತು, ಯುದ್ಧ ಬಂದರೆ ಎಲ್ಲರ ಸುತ್ತಿಗೆಗೂ ಒಂದೇ ಹೆಸರು. ಸುಧಾ ತಿರುಗಿದಳು. ಕೈ ಜಾರ್ತು ಅಂದಳು ಇವಳು. ಅವಳು ಮಂಡಿಯೂರಿ ಬಂದಳು, ಸೆರಗಿನ ತುದಿಯನ್ನು ನಾಲಿಗೆಗೆ ತಗುಲಿಸಿಕೊಂಡು — ಮನೋಹರ್ ಬಂದ, ಒಂದು ಗಂಟೆಯ ಮೇಲೆ, ಅನುಸೂಯಾ ಕೈಮುಗಿಯಲು ಹೊರಟಳು, ಅವನು ಮೂರ್ತಿಯ ಸುತ್ತ ಒಂದು ಸುತ್ತು ಹಾಕಿ ಚಪ್ಪಾಳೆಯನ್ನೇ ತಟ್ಟಿದ, ಮಸ್ತ್ ಮೇಡಂ, ಭಾಳ ಮಸ್ತ್, ಈಗ ಖರೇ ಹಂಪಿ ಆತು ನೋಡ್ರಿ, ಹ್ವಾದ ಸಲ ಒಂಚೂರು ಅಂಗಡಿ ಮಾಲು ಅನಸ್ತಿತ್ತು, ಉಳಿದ ಹನ್ನೊಂದೂ ಹಿಂಗ ಬೇಕ್ರಿ, ಮೊದಲು ಪೂರ್ತಿ ಮಾಡ್ರಿ, ಆಮ್ಯಾಲೆ ಒಡೀರಿ, ಮೊದ್ಲ ಮುರುಕ ಮಾಡಿದ್ರ ಗೊತ್ತಾಗ್ತೈತಿ, ಮಾಡಾವ್ರು ಭಾಳ ಮಂದಿ ಅದಾರ್ರಿ, ಒಡ್ಯಾಕ ಗುಂಡಿಗಿ ಬೇಕು. ಸುಧಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಸೆರಗಿನ ತುದಿಯಲ್ಲಿ ಕಲ್ಲಿನ ಬಿಳಿ ಪುಡಿ ಹಾಗೇ ಇತ್ತು. ಸಂಜೆಯ ಬಸ್ಸಿಗೆ ಹೋದಳು.

ಮಿಲ್ಲಿನ ಗೇಟಿನಲ್ಲಿ ತೋಟಪ್ಪ ಖುರ್ಚಿ ಹಾಕಿಕೊಂಡು ಕೂತಿದ್ದ, ಬರ್ರಿ ಬರ್ರಿ, ದೇವರನ್ನ ಮಾಡಾಕಿ ನಮ್ಮಲ್ಲಿ ಭತ್ತ ತಿರುವಾಕತ್ತಾಳಲ್ರಿ, ಏನ್ ಕಿತ್ತಾಡೀರಿ ಅಕ್ಕ ತಂಗಿ ಅಂದ, ಉತ್ತರ ಕಾಯದೆ ಒಳಗೆ ಕೈ ತೋರಿಸಿದ. ಕಣ್ಣು ಕುಕ್ಕುವ ಅಂಗಳ, ಕುದಿಸಿದ ಭತ್ತ ಹಬೆಯಾಡುತ್ತಿದೆ, ಸುಧಾ ಸೀರೆ ಎತ್ತಿಕಟ್ಟಿ ಬರಿಗಾಲಿನಲ್ಲಿ ಭತ್ತದೊಳಗೆ ಸಾಲು ಎಳೆಯುತ್ತಾ ಹೋಗುತ್ತಿದ್ದಾಳೆ, ಆ ತುದಿಗೆ ಹೋದಳು, ಈ ತುದಿಗೆ ಬಂದಳು, ಅಕ್ಕನನ್ನು ನೋಡಿದಳು, ನಿಲ್ಲಲಿಲ್ಲ, ಇನ್ನೊಂದು ಸಾಲು ಎಳೆದಳು, ಅನುಸೂಯಾ ಅಂಚಿನಲ್ಲಿ ಅವಳ ಜೊತೆಜೊತೆಗೆ ನಡೆಯಬೇಕಾಯಿತು, ಸಾಲ ಕೇಳುವವಳ ಹಾಗೆ, ಅಲ್ಲ, ನಾಯಿಯ ಹಾಗೆ. ನೆರಳಲ್ಲಿ ಕೂತ ಮುದುಕಮ್ಮ, ಆಕಿ ಸಾಲು ಮುಗಿಯೋತನಕ ನಿಂದ್ರಾಂಗಿಲ್ಲವ್ವಾ, ನೀನೂ ಚಪ್ಪಲಿ ಬಿಟ್ಟು ಇಳಿ ಅಂದಳು. ಇಳಿದಳು. ಭತ್ತ ಸುಡುತ್ತಿತ್ತು. ಮನಿಗೆ ಬಾ ಸುಧಾ, ಹನ್ನೊಂದು ಆರ್ಡರ್ ಐತಿ, ಹೆಸರು ನಿಂದ ಹಾಕಸ್ತೀನಿ. ಮುರುಕ ಮುಖದ ಕೆಳಗ ಯಾರ ಹೆಸರಿದ್ರೇನು ಬಿಡು, ಸುಧಾ ನಡೆಯುತ್ತಲೇ ಅಂದಳು. ಕೈ ಜಾರ್ತು ಸುಧಾ. ಸುಧಾ ಆಗ ನಿಂತಳು, ದೊಡ್ಡ ಸುತ್ತಿಗಿ ಎತ್ತಿದ್ದು ಕೇಳಸ್ತು ಅಕ್ಕ, ಹಲಗಿ ಮ್ಯಾಲಿಂದ ಎತ್ತಿದ್ರ ಅದು ಗರ್ರ್ ಅಂತೈತಿ, ಇಪ್ಪತ್ತು ವರ್ಷ ಕೇಳೀನಿ. ಕೇಳಿತ್ತು. ಕೇಳಿಯೂ ಕೂತಿದ್ದಳು, ಆ ಒದ್ದೆ ಬೆನ್ನು ಅಲುಗದೆ — ಅನುಸೂಯಾ ಅಂದಳು, ಕೇಳಿದ ಮ್ಯಾಲೆ ಯಾಕ ತಿರುಗ್ಲಿಲ್ಲಲೇ, ಯಾಕ ಕೈ ಹಿಡೀಲಿಲ್ಲ. ತಿರುಗಬಾರ್ದು ಅಂತ ನೀನ ಕಲಿಸಿದ್ಯಲ್ಲ, ಅಂದಳು ಸುಧಾ, ನೀ ಹೊಡ್ಯಾಕಿ ಅಲ್ಲ ಅಂದ್ಕೊಂಡೆ. ಮತ್ತೆ ಸಾಲು ಎಳೆದಳು. ತುದಿ ಮುಟ್ಟಿ ಬಂದು, ಕಾಲು ಜಾಡಿಸಿ, ಇವತ್ತಿನ ಅಡುಗೆಯ ವಿಚಾರ ಹೇಳಿದಷ್ಟು ಹಗುರಾಗಿ ಹೇಳಿದಳು, ಬರ್ತೀನಿ. ಹನ್ನೊಂದೂ ಮಾಡ್ತೀನಿ. ಹನ್ನೊಂದಕ್ಕೂ ನಿನ್ನ ಮುಖ ಮಾಡ್ತೀನಿ ಅಕ್ಕ, ನೀ ಹುಡುಗಿ ಇದ್ದಾಗಿಂದ, ವರ್ಷ ವರ್ಷದ್ದು, ಎಲ್ಲಾ ನೆನಪೈತಿ ನಂಗ. ನೀನ ಕಣ್ಣು ತೆರಿ. ನೀನ ಒಡಿ. ನಾ ಬೆನ್ನು ತಿರುಗಿಸಿ ಕುಂದಿರ್ತೀನಿ. ಮುದುಕಮ್ಮ ಎಲೆ ಅಗಿಯುವುದನ್ನು ನಿಲ್ಲಿಸಿದಳು. ಇಲ್ಲ ಅನ್ನಬೇಕು, ಇಲ್ಲ ಅಂದರೆ ಈಗಲೇ ಒಬ್ಬಳೇ ಬಸ್ಸು ಹತ್ತಬೇಕು, ಮನೋಹರನಿಗೆ ಫೋನ್ ಮಾಡಿ ಮುಖ ನಂದಲ್ರಿ ಅನ್ನಬೇಕು, ಅಂಗಾಲು ಸುಡುತ್ತಿದೆ, ಆತು ಅಂದಳು ಅನುಸೂಯಾ. ಆತು ಬಾ. ಎರಡು ಗಂಟೆಯ ಬಸ್ಸು, ಇಬ್ಬರ ಸೀಟು, ಸುಧಾ ಕಿಟಕಿಗೆ ಬೆನ್ನು ಕೊಟ್ಟು ಇವಳ ಕಡೆ ತಿರುಗಿ ಕೂತಿದ್ದಾಳೆ, ಹೆಬ್ಬೆರಳನ್ನು ಇವಳ ಹುಬ್ಬಿನ ನಡುವೆ ಇಟ್ಟಳು, ತೋರುಬೆರಳನ್ನು ಮೂಗಿನ ತುದಿಗೆ ತಂದಳು, ಅಳತೆ, ಎದುರು ಸೀಟಿನವರು ನೋಡುತ್ತಿದ್ದಾರೆ, ಅಲ್ಲಾಡಬ್ಯಾಡ ಅಕ್ಕ ಅಂದಳು, ಅಲ್ಲಾಡಲಿಲ್ಲ, ಬೆರಳು ತಣ್ಣಗಿದೆ, ತೌಡಿನ ವಾಸನೆ, ಬಸ್ಸು ಎಲ್ಲಿಗೆ ಬಂತೋ, ಕಾಲುವೆಯೋ ಕಬ್ಬೋ, ಏನೂ ಕಾಣುತ್ತಿಲ್ಲ, ಅವತ್ತು, ಅದು ಅವತ್ತು, ಸುಧಾ ಮಂಡಿಯೂರಿ ಬಂದಳು, ಸೆರಗಿನ ತುದಿಯನ್ನು ನಾಲಿಗೆಗೆ ತಗುಲಿಸಿಕೊಂಡಳು, ಶಾಲೆಗೆ ಹೊರಟ ಮಗುವಿಗೆ ಮಾಡುವ ಹಾಗೆ ಒಂದು ಕೈಯಲ್ಲಿ ಮೂರ್ತಿಯ ಗದ್ದ ಹಿಡಿದುಕೊಂಡಳು, ಒರೆಸಿದಳು, ಮೂಗಿದ್ದ ಜಾಗವನ್ನು, ಮೆಲ್ಲಗೆ, ನೋವಾಗದ ಹಾಗೆ, ಒರೆಸಿದಳು, ಬಿಳಿ ಹೋಗಲಿಲ್ಲ, ಮತ್ತೆ ಸೆರಗು ನಾಲಿಗೆಗೆ, ಮತ್ತೆ ಒರೆಸಿದಳು, ಮೂಗಿದ್ದ ಜಾಗ, ಒರೆಸುತ್ತಿದ್ದಾಳೆ, ಒರೆಸುತ್ತಿದ್ದಾಳೆ