ನೀಲಿ ಕೊಕ್ಕಿನ ಗಿಣಿ

ನೀಲಿ ಕೊಕ್ಕಿನ ಗಿಣಿಯನ್ನು ಈ ಪ್ರಪಂಚದಲ್ಲಿ ನಾನು ಒಂದೇ ಒಂದು ಕಡೆ ನೋಡಿದ್ದೆ, ಅದೂ ಮೊಬೈಲಿನೊಳಗೆ. ಈಗ ಅದು ಭದ್ರಾವತಿಯ ಓಲ್ಡ್ ಟೌನ್‌ನ ಒಂದು ಮನೆಯ ಹಾಲ್‌ನಲ್ಲಿ, ಕಾಫಿ ತಟ್ಟೆ ಹಿಡಿದು ನನ್ನ ಮುಂದೆ ಬಗ್ಗಿದ ಹುಡುಗಿಯ ಸೆರಗಿನ ತುದಿಯಲ್ಲಿ ಕೂತಿತ್ತು. ಲೋಟಕ್ಕೆ ಚಾಚಿದ ಕೈ ಅಲ್ಲೇ ನಿಂತುಬಿಟ್ಟಿತು. ಕಾಫಿ ಆರುತ್ತೆ, ತಗೋ ಎಂದು ಅಮ್ಮ ತನ್ನ ಎಡಗೈಯಿಂದ ನನ್ನನ್ನು ತಿವಿದಳು.

ನಾವು ಶಿವಮೊಗ್ಗದ ಗೋಪಾಳದಿಂದ ಬಂದದ್ದು ನನ್ನ ತಮ್ಮ ಮಲ್ಲಿಕ್‌ಗೆ ಹೆಣ್ಣು ನೋಡಲು. ಅವನಿಗೆ ನೆಹರು ರೋಡಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಹುಡುಗಿ ಸ್ಫೂರ್ತಿ, ಪಾತ್ರೆ ಅಂಗಡಿ ಏಕಾಂತಪ್ಪನವರ ಮಗಳು. ನಮ್ಮ ನೆಂಟ ಯೋಗರಾಜ್ ನಡುವೆ ನಿಂತು ಮಾತು ಮುಂದುವರಿಸಿದ್ದ, ಎಲ್ಲ ಮುಕ್ಕಾಲು ಪಾಲು ಮುಗಿದಿತ್ತು. ಟೀಪಾಯಿ ಮೇಲೆ ತಾಂಬೂಲದ ತಟ್ಟೆ ಆಗಲೇ ಸಿದ್ಧವಾಗಿತ್ತು. ಹುಡುಗಿ ಹೂಂ ಅಂದರೆ ಇವತ್ತೇ ತಾಂಬೂಲ ಬದಲಾಯಿಸಿಕೊಳ್ಳುವುದು ಎಂದಾಗಿತ್ತು.

ಆ ಗಿಣಿಯ ಕತೆ ಹೇಳುತ್ತೇನೆ, ನಗುವವರು ನಗಲಿ. ನನ್ನ ಫೋನಿನಲ್ಲೊಂದು ಆಟ ಇದೆ. ಪಾಪ್ ಹಾಡು ಹಾಡುವ ಹುಡುಗಿಯರ ತಂಡ ವೇದಿಕೆ ಹತ್ತುವ ಮೊದಲು ಅವರ ಕೂದಲು, ಬಟ್ಟೆ, ಚಪ್ಪಲಿ, ಎಲ್ಲವನ್ನೂ ನಾವು ಆರಿಸಬೇಕು. ಬಟ್ಟೆಯ ಮೇಲೆ ನಮಗೆ ಬೇಕಾದ ಚಿತ್ತಾರವನ್ನೂ ಬರೆಯಬಹುದು. ಯಾರ ಅಲಂಕಾರಕ್ಕೆ ಹೆಚ್ಚು ವೋಟು ಬೀಳುತ್ತದೋ ಅವರು ಗೆದ್ದಂತೆ. ಮಗಳು ಆಡುತ್ತಿದ್ದ ಆಟ, ಪರೀಕ್ಷೆ ಎಂದು ಅವಳ ಕೈಯಿಂದ ಕಿತ್ತುಕೊಂಡು ನಾನು ಹಿಡಿದು ಕೂತೆ. ಬೆಳಿಗ್ಗೆಯಿಂದ ಸಂಜೆವರೆಗೆ ಸೊಸೈಟಿಯಲ್ಲಿ ಊರವರ ಪಾಸ್‌ಬುಕ್ಕು ನೋಡುವ ಕಣ್ಣಿಗೆ ಒಂದಿಷ್ಟು ಬಣ್ಣ ಬೇಡವೇ?

ಅದರಲ್ಲಿ ಇಬ್ಬಿಬ್ಬರು ಜೋಡಿಯಾಗಿ ಆಡಬೇಕು. ಮೀರಾ ಎಂಬ ನಿಜವಾದ ಹೆಸರು ಬಿಟ್ಟು ನಾನು 'ಮೆಣಸಿನಕಾಯಿ' ಎಂಬ ಹೆಸರು ಇಟ್ಟುಕೊಂಡಿದ್ದೆ. ನನ್ನ ಜೋಡಿ 'ಕಾಡಿಗೆ'. ಶಿವಮೊಗ್ಗದ ಕಡೆಯವಳು, ಓದುವ ಹುಡುಗಿ ಎನ್ನುವುದು ಬಿಟ್ಟರೆ ಅವಳ ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ, ನನ್ನದು ಅವಳಿಗೂ ಗೊತ್ತಿರಲಿಲ್ಲ. ಒಮ್ಮೆ ನಮ್ಮ ಗಾಯಕಿಯ ಲಂಗದ ಮೇಲೆ ಅವಳೊಂದು ಗಿಣಿ ಬರೆದು ಕೊಕ್ಕಿಗೆ ನೀಲಿ ಹಚ್ಚಿದಳು. ಗಿಣಿಯ ಕೊಕ್ಕು ಕೆಂಪು ಕಣೇ ಮಾರಾಯ್ತಿ ಎಂದು ಜಗಳಕ್ಕೆ ನಿಂತೆ. ಇಸ್ತ್ರಿ ತಾಗಿ ಸುಟ್ಟ ಸೀರೆಗೆ ಅವಳ ಅಜ್ಜಿ ಗಿಣಿಯ ತೇಪೆ ಹಾಕಿದ್ದಳಂತೆ, ಕೆಂಪು ದಾರ ಮುಗಿದಿತ್ತು ಎಂದು ಕೊಕ್ಕನ್ನು ನೀಲಿ ದಾರದಲ್ಲೇ ಹೊಲಿದಳಂತೆ. ಆ ಲಂಗಕ್ಕೆ ನಾವು ಗೆದ್ದೆವು. ಆಮೇಲೆ ಅವಳು ನನಗೆ ತಂಗಿಯೇ ಆಗಿಹೋದಳು.

ಮೊನ್ನೆ ಆಟದೊಳಗಿನ ಚಾಟ್‌ನಲ್ಲಿ ಅವಳೇ ಬರೆದಿದ್ದಳು. ಗಂಡಿನ ಕಡೆಯವರು ಬರುತ್ತಾರೆ, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ, ಆದರೆ ಮದುವೆಯಾದ ಮೇಲೆ ಓದು ಬಿಡಬೇಕಂತೆ. ಎಂ.ಎಸ್ಸಿ. ಇನ್ನೂ ಒಂದು ವರ್ಷ ಬಾಕಿ ಇದೆ, ಬಸ್ಸಿನಲ್ಲಿ ಓಡಾಡುವುದು ಬೇಡ, ಮನೆಯಲ್ಲಿ ಸಕ್ಕರೆ ಕಾಯಿಲೆಯ ಅತ್ತೆಯನ್ನು ನೋಡಿಕೊಳ್ಳಬೇಕು ಎಂದಿದ್ದಾರಂತೆ. ನನ್ನ ಸಿಟ್ಟು ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದದ್ದೆಲ್ಲ ಬರೆದು ಕಳಿಸಿದೆ.

ಈಗ ಕಾಫಿ ಲೋಟ ಕೈಗೆ ಬಂದಾಗ ನನಗೆ ಅರ್ಥವಾಯಿತು. ಆ ಷರತ್ತನ್ನು ಯೋಗರಾಜ್‌ನ ಬಾಯಲ್ಲಿ ಹೇಳಿ ಕಳಿಸಿದವಳು ನಾನೇ. ಇಂಥ ಷರತ್ತು ಹಾಕುವವರು ಊರಲ್ಲಿ ಎಷ್ಟೋ ಮಂದಿ, ಅದು ನಮ್ಮದೇ ಎಂದು ಮೊನ್ನೆ ನನಗೆ ಹೊಳೆದಿರಲಿಲ್ಲ.

ಯಾಕೆ ಹೇಳಿದೆ ಎಂದರೆ, ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿದೆ, ಮೇಲೆ ಸಕ್ಕರೆ ಕಾಯಿಲೆ. ನನ್ನ ಮನೆ ಎರಡು ಬೀದಿ ಆಚೆ. ದಿನಾ ಬೆಳಿಗ್ಗೆ ಓಡಿ ಬಂದು ಸ್ನಾನ ಮಾಡಿಸಿ, ಇನ್ಸುಲಿನ್ ಚುಚ್ಚಿ, ತಿಂಡಿ ತಿನ್ನಿಸಿ, ಅಲ್ಲಿಂದ ಸೊಸೈಟಿಗೆ ಓಡುತ್ತೇನೆ. ಸಂಜೆ ಮತ್ತೆ ಅದೇ. ಮಗಳು ಸ್ಕೂಲಿಂದ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತಾಳೆ. ಗಂಡ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಮುಖ ದಪ್ಪ ಮಾಡಿಕೊಂಡು ತಾನೇ ಅನ್ನಕ್ಕಿಡುತ್ತಾನೆ. ಈ ಹುಡುಗಿ ಮನೆಗೆ ಬಂದು, ಮನೆಯಲ್ಲೇ ಉಳಿದರೆ ನನ್ನ ಓಟ ನಿಲ್ಲುತ್ತಿತ್ತು.

ಹುಡುಗಿ ಒಳಗೆ ಹೋದಳು. ಅವಳ ಒಪ್ಪಿಗೆ ಕೇಳಿಬಿಡಿ, ಒಳ್ಳೆ ಗಳಿಗೆ ಇದೆ ಎಂದು ಯೋಗರಾಜ್ ಅವಸರ ಮಾಡಿದ. ಏಕಾಂತಪ್ಪ ಎದ್ದು ಕೋಣೆಯ ಬಾಗಿಲಿಗೆ ಹೋಗಿ ಏನೋ ಹೇಳಿ ಬಂದು ಕೂತರು. ಅದೇ ಹೊತ್ತಿಗೆ ನನ್ನ ಫೋನು ಬ್ಯಾಗಿನೊಳಗೆ ಗುರ್ ಎಂದಿತು. ಬ್ಯಾಗಿನ ಬಾಯಿ ಅಗಲಿಸಿ, ಫೋನು ಹೊರಗೆ ತೆಗೆಯದೆ ಓದಿದೆ.

"ಬಂದಿದಾರೆ ಅಕ್ಕ. ಹುಡುಗ ಸಾಧು, ತಲೇನೇ ಎತ್ತಲ್ಲ. ಅವನ ಅಕ್ಕ ಒಬ್ಬಳಿದಾಳೆ, ನನ್ನ ಸೆರಗನ್ನೇ ನುಂಗೋ ಹಾಗೆ ನೋಡ್ತಾಳೆ. ತೇಪೆ ಸೀರೆ ಉಟ್ಟಿದೀನಿ ಅಂತ ಇರಬೇಕು."

ಬೆನ್ನಿಗೇ ಇನ್ನೊಂದು ಬಂತು. "ಅಪ್ಪ ಈಗ್ಲೇ ಹೇಳು ಅಂತಿದಾರೆ. ನೀನು ಏನು ಹೇಳ್ತೀಯೋ ಅದೇ ಮಾಡ್ತೀನಿ. ಹೂಂ ಅನ್ಲಾ, ಬೇಡ ಅನ್ಲಾ?"

ನಡುವೆ ಒಂದು ಗೋಡೆ, ಒಂದು ಹೂವಿನ ಪರದೆ, ಅಷ್ಟೇ. ಆ ಕಡೆ ಆ ಹುಡುಗಿ ತನ್ನ ಬಾಳನ್ನು ತಂದು ನನ್ನ ಅಂಗೈಯಲ್ಲಿಟ್ಟು ಕಾಯುತ್ತಿದ್ದಳು. ಈ ಕಡೆ ಅಮ್ಮ ನನ್ನ ಕಿವಿಯ ಹತ್ತಿರ ಬಾಗಿ, ಇನ್ನು ನಿನಗೆ ಈ ಚಾಕರಿ ತಪ್ಪಿತು ಕಣೇ ಎಂದು ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು. ನನಗಾಗಿ ಅವಳು ಅಷ್ಟು ಖುಷಿಪಟ್ಟಿದ್ದನ್ನು ನಾನು ನೋಡಿಯೇ ಇರಲಿಲ್ಲ.

ನಾನು ಬರೆದೆ: "ಹೂಂ ಅನ್ನು. ಹುಡುಗ ಸಾಧು ಅಂದ್ರೆ ಓದು ಆಮೇಲೂ ಆಗುತ್ತೆ." ಕಳಿಸುವುದೊಂದೇ ಬಾಕಿ. ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ನಾಳೆಯೇ ಆ ಆಟವನ್ನು ಅಳಿಸಿ ಹಾಕಿದರೆ ಮೆಣಸಿನಕಾಯಿ ಎಲ್ಲಿ, ಮೀರಾ ಎಲ್ಲಿ? ಮದುವೆ ಮುಗಿದರೆ ಸಂಜೆ ಸೊಸೈಟಿಯಿಂದ ನೇರವಾಗಿ ಮನೆಗೆ, ಮಗಳ ಹತ್ತಿರ ಹೋಗುತ್ತಿದ್ದೆ. ದೇವರಾಣೆ ಹೇಳುತ್ತೇನೆ, ನನ್ನ ಹೆಬ್ಬೆರಳು ಕಳಿಸುವ ಬಾಣದ ಗುರುತಿನ ಮೇಲೆ ಕೂತೇ ಇತ್ತು.

"ಅಕ್ಕಾ, ಇದೀಯಾ?" ಎಂದು ಮತ್ತೆ ಬಂತು.

ಬರೆದದ್ದನ್ನೆಲ್ಲ ಅಳಿಸಿದೆ. "ಆ ಅಕ್ಕ ನಾನೇ. ಹೊರಗೆ ಕೂತಿದೀನಿ" ಎಂದು ಬರೆದು, ಮತ್ತೆ ಮನಸ್ಸು ಬದಲಾಯಿಸುವ ಮೊದಲು ಕಳಿಸಿಬಿಟ್ಟೆ. ಅವಳು ಓದಿದ್ದಾಳೆ ಎನ್ನುವ ಗುರುತು ಕೂಡಲೇ ಮೂಡಿತು. ಉತ್ತರ ಬರಲಿಲ್ಲ. ಏಕಾಂತಪ್ಪ ಗಡಿಯಾರ ನೋಡಿದರು. ಹೆಣ್ಣುಮಕ್ಕಳಿಗೆ ನಾಚಿಕೆ ಸಹಜ ಎಂದು ಯೋಗರಾಜ್ ನಕ್ಕ. ಅವನ ಬಾಯಿಗೊಂದು ಕೇಸರಿಬಾತಿನ ತಟ್ಟೆ ತುರುಕೋಣ ಅನ್ನಿಸಿತು.

ಪರದೆ ಸರಿಯಿತು. ಸ್ಫೂರ್ತಿ ಫೋನು ಹಿಡಿದುಕೊಂಡೇ ಬಂದಳು. ಬಂದವಳು ಅಪ್ಪನ ಹತ್ತಿರವೂ ಹೋಗಲಿಲ್ಲ, ಮಲ್ಲಿಕ್‌ನನ್ನೂ ನೋಡಲಿಲ್ಲ, ನೇರವಾಗಿ ನನ್ನ ಮುಂದೆ ನಿಂತಳು.

"ಮೊನ್ನೆ ನಂಗೆ ಏನು ಹೇಳಿದ್ರಿ ಅಕ್ಕ? ಅದನ್ನ ಇಲ್ಲಿ ಎಲ್ಲರ ಮುಂದೆ ಒಂದ್ಸಲ ಹೇಳಿ."

ಇವರು ನಿನಗೆ ಗೊತ್ತಾ, ಇದೇನು ನಡವಳಿಕೆ ಎಂದು ಏಕಾಂತಪ್ಪ ಗದರಿದರು. ಅಮ್ಮ ನನ್ನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹುಡುಗಿ ಮಾತ್ರ ಕದಲಲಿಲ್ಲ.

"ಓದೋ ಹುಡುಗಿನ ಓದು ಬಿಡಿಸಿ ಕರ್ಕೊಂಡು ಹೋಗೋರು ಸೊಸೆ ತರ್ತಿಲ್ಲ, ಸಂಬಳ ಇಲ್ಲದ ನರ್ಸ್ ತರ್ತಿದಾರೆ. ಅಂಥೋರ ಮನೆ ಹೊಸ್ತಿಲು ತುಳೀಬೇಡ," ಎಂದೆ. "ಹೇಳಿದ್ದು ನಾನೇ. ಆ ಮನೆ ನಮ್ಮದೇ ಅಂತ ನಂಗೆ ಗೊತ್ತಿರಲಿಲ್ಲ."

ಯೋಗರಾಜ್ ಅರ್ಧ ಎದ್ದವನು ಮತ್ತೆ ಕೂತ. ಅಮ್ಮ ಎಡಗೈಯಿಂದ ನನ್ನ ಮೊಣಕೈ ಹಿಡಿದಳು.

"ಹಂಗಾದ್ರೆ ನನ್ನ ಯಾರೇ ನೋಡ್ಕೋತಾರೆ ಮೀರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಯಾವಾಗಲೂ ನನ್ನ ಕಡೆಯೇ ತಿರುಗುತ್ತಾರೆ. ಇನ್ನೇನು, ನಾನೇ ನೋಡ್ಕೋತೀನಿ ಎಂದು ಬಾಯಿ ತೆರೆಯುವಷ್ಟರಲ್ಲಿ ಸ್ಫೂರ್ತಿ ಮಲ್ಲಿಕ್‌ನತ್ತ ತಿರುಗಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಲಾಸಿನಲ್ಲಿ ಗೊತ್ತಾಗದ್ದನ್ನು ಕೇಳುವವಳ ಹಾಗೆ ಕೇಳಿದಳು.

"ನಿಮ್ಮ ಅಮ್ಮನಿಗೆ ಬೆಳಿಗ್ಗೆ ಎಷ್ಟು ಇನ್ಸುಲಿನ್ ಕೊಡ್ತೀರಿ?"

ಮಲ್ಲಿಕ್ ಮೊದಲ ಸಲ ತಲೆ ಎತ್ತಿದ. ಅವನು ಕೆಟ್ಟವನಲ್ಲ. ಔಷಧಿ ತಾ ಎಂದರೆ ತರುತ್ತಾನೆ, ದುಡ್ಡು ಕೇಳಿದರೆ ಎಣಿಸದೆ ಕೊಡುತ್ತಾನೆ. ಅಮ್ಮ ಮಲಗುವ ಕೋಣೆಯ ಪಕ್ಕದಲ್ಲೇ ಅವನ ಕೋಣೆ. "ಅಕ್ಕಾ?" ಎಂದು ನನ್ನನ್ನು ನೋಡಿದ.

ಉತ್ತರ ನನ್ನ ನಾಲಿಗೆಯ ಮೇಲಿತ್ತು. ಅವನು ಸ್ಲೇಟು ಹಿಡಿದ ಕಾಲದಿಂದ ಅವನಿಗೆ ಗೊತ್ತಿಲ್ಲದ್ದನ್ನು ನಾನೇ ಹೇಳಿಕೊಟ್ಟು ಅಭ್ಯಾಸ. ಹಲ್ಲು ಕಚ್ಚಿ ಹಿಡಿದೆ.

ಏಕಾಂತಪ್ಪ ಅವನನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ತಾಂಬೂಲದ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು, ಮೊದಲು ಅವಳ ಓದು ಮುಗೀಲಿ ಎಂದರು. ಯೋಗರಾಜ್ ಎದ್ದು ಚಪ್ಪಲಿ ಹುಡುಕತೊಡಗಿದ. ನಾನೂ ಎದ್ದು ಅಮ್ಮನ ಕಂಕುಳಿಗೆ ಕೈಹಾಕಿದೆ.

ಅಮ್ಮ ಏಳಲಿಲ್ಲ. ನನ್ನ ಕೈ ಸರಿಸಿ ಮಗನನ್ನೇ ನೋಡುತ್ತಿದ್ದಳು.

"ಹೇಳಪ್ಪ ಮಲ್ಲಿ," ಎಂದಳು. "ನಿಂಗೆ ಗೊತ್ತಿರುತ್ತೆ. ಎಷ್ಟು ಕೊಡ್ತಾರೆ ನಂಗೆ?"

ಮಲ್ಲಿಕ್ ನೆಲ ನೋಡಿದ. ಅಮ್ಮ ಅವನ ಉತ್ತರಕ್ಕೆ ಕಾದೇ ಕೂತಳು.